ಮಿನೆಸೋಟದಲ್ಲಿ ಬೋಟ್, ಚಳಿಗಾಲ ಹತ್ತಿರ: ಎಂಜಿನ್ ಒಳಗಿನ ನೀರಿಗೆ ಏನು ಮಾಡಬೇಕು?

ಬಸವನಗುಡಿ_ಬೈಟು

ಎಲ್ಲರಿಗೂ ನಮಸ್ಕಾರ. ಬೈಕು, ಕಾರು, ಪಂಪ್‌ಸೆಟ್ಟು, ಜನರೇಟರ್ ಎಲ್ಲ ಬಿಚ್ಚಿ ನೋಡಿದವರು ಇಲ್ಲಿದ್ದೀರಿ. ಬೋಟ್ ಬಗ್ಗೆ ಕೇಳುತ್ತಿದ್ದೇನೆ ಅಂತ ನಗಬೇಡಿ.

ನನ್ನ ತಮ್ಮ ಮಿನೆಸೋಟದಲ್ಲಿದ್ದಾನೆ. ಈ ಬೇಸಿಗೆಯಲ್ಲಿ ಸೆಕೆಂಡ್ ಹ್ಯಾಂಡ್ ಬೋಟ್ ಒಂದನ್ನು ತೆಗೆದುಕೊಂಡ. ಮರ್‌ಕ್ರೂಸರ್ 5.7 ಲೀಟರ್ ವಿ8, ಪೆಟ್ರೋಲ್. ಎಂಜಿನ್ ಬೋಟಿನ ಒಳಗೆ, ಡ್ರೈವ್ (ಪ್ರೊಪೆಲರ್ ತಿರುಗಿಸುವ ಭಾಗ) ಹಿಂದುಗಡೆ ಹೊರಗೆ. ಚಿಕ್ಕಪ್ಪನ ಮಗಳ ಮದುವೆಗೆ ನವೆಂಬರ್‌ನಲ್ಲಿ ಬೆಂಗಳೂರಿಗೆ ಬರುತ್ತಿದ್ದಾನೆ. ಸಂಕ್ರಾಂತಿ ಮುಗಿಸಿಕೊಂಡೇ ವಾಪಸ್. ಅಲ್ಲಿಯವರೆಗೆ ಬೋಟ್ ಟ್ರೇಲರ್ ಮೇಲೆ, ಮನೆ ಮುಂದೆ, ಬಯಲಿನಲ್ಲೇ ನಿಂತಿರುತ್ತದೆ. ಗ್ಯಾರೇಜಿನಲ್ಲಿ ಜಾಗ ಇಲ್ಲ.

ಅಲ್ಲಿನ ಮೆಕ್ಯಾನಿಕ್‌ಗಳೆಲ್ಲ ಈ ಸೀಸನ್‌ನಲ್ಲಿ ಫುಲ್ ಬುಕ್. ತಾನೇ ಮಾಡಿಕೊಳ್ಳುತ್ತೇನೆ ಅನ್ನುತ್ತಿದ್ದಾನೆ. ಸಾಫ್ಟ್‌ವೇರ್‌ನವನು, ಆದರೆ ಸ್ಪ್ಯಾನರ್ ಹಿಡಿಯಲು ಬರುತ್ತದೆ. ವಿಡಿಯೋಗಳಲ್ಲಿ ಎರಡು ಪಂಥ ಇವೆ. ಒಂದು: ಬಕೆಟ್‌ನಲ್ಲಿ ಗುಲಾಬಿ ಬಣ್ಣದ ಆಂಟಿಫ್ರೀಜ್ (ಚಳಿಗೆ ಎಂಜಿನ್ ಒಡೆಯದಂತೆ ನೀರಿನ ಬದಲು ತುಂಬುವ ದ್ರವ) ಇಟ್ಟು, ಡ್ರೈವ್‌ಗೆ ಇಯರ್‌ಮಫ್ ಥರದ ರಬ್ಬರ್ ಕಪ್ ಹಾಕಿ, ಎಂಜಿನ್ ಸ್ಟಾರ್ಟ್ ಮಾಡಿ ಹೀರಿಸುವುದು. ಎಕ್ಸಾಸ್ಟ್‌ನಲ್ಲಿ ಗುಲಾಬಿ ಬಂತು ಅಂದರೆ ಕೆಲಸ ಮುಗಿಯಿತು. ಎರಡು: ಪ್ಲಗ್‌ಗಳನ್ನೆಲ್ಲ ಬಿಚ್ಚಿ ನೀರು ಇಳಿಸುವುದು. ಮೊದಲನೆಯದು ಸುಲಭ ಕಾಣುತ್ತದೆ. ಅದೇ ಸಾಕಾ?

ಕತ್ರಿಗುಪ್ಪೆ_ಕೂಲ್

ಬೆಂಗಳೂರಿನ ದಾಖಲೆ ಚಳಿ ಅಂದರೆ 1884ರ ಜನವರಿ 13ರಂದು 7.8 ಡಿಗ್ರಿ. ಆಗ ಸ್ಯಾಂಕಿ ಕೆರೆಗೇ ಎರಡು ವರ್ಷ ವಯಸ್ಸು. ಅವತ್ತಿನಿಂದ ಇವತ್ತಿನವರೆಗೆ ಇಲ್ಲಿ ಯಾರ ಎಂಜಿನ್ ನೀರೂ ಗಟ್ಟಿಯಾಗಿಲ್ಲ ಗುರು. ಸರಿಯಾದ ಜಾಗದಲ್ಲೇ ಕೇಳಿದ್ದೀಯ. 😄

ಪಾಪ್‌ಕಾರ್ನ್ ಹಿಡಿದು ಕೂತಿದ್ದೇನೆ.

ಸೆಕೆಂಡ್_ಎಂಜಿನಿಯರ್

ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸ ಮಾಡಿದವನು ನಾನು, ಈಗ ವಿಜಯನಗರದಲ್ಲಿ ದಡ ಸೇರಿದ್ದೇನೆ. ಚಿಕ್ಕ ಬೋಟೂ ಬಿಚ್ಚಿದ್ದೇನೆ.

ಮೊದಲ ಪ್ರಶ್ನೆ. ಆ ಎಂಜಿನ್‌ಗೆ ಕೆರೆ ನೀರು ನೇರವಾಗಿ ಬ್ಲಾಕ್ (ಎಂಜಿನ್‌ನ ಮುಖ್ಯ ಎರಕದ ಭಾಗ) ಒಳಗೆ ಹೋಗುತ್ತದಾ, ಅಥವಾ ಕೆರೆ ನೀರು ಕೂಲಂಟ್ ಜೊತೆ ಬೆರೆಯದೆ ಅದರ ಬಿಸಿ ಮಾತ್ರ ಹೀರುವ ಹೀಟ್ ಎಕ್ಸ್‌ಚೇಂಜರ್ ಇದೆಯಾ? ಎರಡಕ್ಕೂ ಮಾಡುವ ಕೆಲಸ ಬೇರೆ.

ಗೊತ್ತು ಮಾಡಿಕೊಳ್ಳುವುದು ಸುಲಭ. ಎಂಜಿನ್ ಮುಂಭಾಗದಲ್ಲಿ ಅಥವಾ ಮೇಲೆ ಕಾರಿನ ರೇಡಿಯೇಟರ್‌ಗೆ ಇರುವಂಥ ಪ್ರೆಶರ್ ಕ್ಯಾಪ್, ಪಕ್ಕದಲ್ಲಿ ಕೂಲಂಟ್ ಬಾಟಲಿ ಕಂಡರೆ ಅದು ಕ್ಲೋಸ್ಡ್ ಸಿಸ್ಟಂ. ಬ್ಲಾಕ್ ಒಳಗೆ ಕೂಲಂಟೇ ಸುತ್ತುತ್ತಿರುತ್ತದೆ, ಕೆರೆ ನೀರು ಎಕ್ಸ್‌ಚೇಂಜರ್ ಮತ್ತು ಎಕ್ಸಾಸ್ಟ್ ಕಡೆ ಮಾತ್ರ. ಅಂಥ ಕ್ಯಾಪ್ ಎಲ್ಲೂ ಇಲ್ಲದಿದ್ದರೆ ಬ್ಲಾಕ್ ಒಳಗೆ ಇರುವುದು ಬೇಸಿಗೆಯೆಲ್ಲ ಓಡಾಡಿದ ಕೆರೆ ನೀರೇ.

ಫೋಟೊ ಹಾಕಿ.

ಬಸವನಗುಡಿ_ಬೈಟು

ಫೋಟೊ ತರಿಸಿದೆ. ಕ್ಯಾಪ್ ಇಲ್ಲ, ಬಾಟಲಿ ಇಲ್ಲ. ಮುಂದುಗಡೆ ಥರ್ಮೋಸ್ಟಾಟ್ ಹೌಸಿಂಗ್‌ನಿಂದ ದಪ್ಪ ಪೈಪುಗಳು ನಾಲ್ಕು ಕಡೆ ಹೋಗಿವೆ ಅಷ್ಟೆ. ಕೆರೆ ನೀರೇ ಅನ್ನಿಸುತ್ತದೆ.

ರಾಜಾಜಿನಗರ_ರೆಂಚು

ನಮ್ಮ ಭಾವ ನ್ಯೂಜೆರ್ಸಿಯಲ್ಲಿದ್ದಾರೆ. ಇದೇ ಥರದ ಬೋಟ್. ಪ್ರತಿ ವರ್ಷ ಬಕೆಟ್ ಪದ್ಧತಿಯೇ. ಏನೂ ಆಗಿಲ್ಲ. ಎಕ್ಸಾಸ್ಟ್‌ನಲ್ಲಿ ಗುಲಾಬಿ ಬಂತು ಅಂದರೆ ಒಳಗೆಲ್ಲ ಹೋಗಿದೆ ಅಂತಲೇ ಅಲ್ವಾ? ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ಬರಬೇಕು ತಾನೆ. ಸುಮ್ನೆ ಹುಡುಗನಿಗೆ ಹೆದರಿಸಬೇಡಿ.

ಸೆಕೆಂಡ್_ಎಂಜಿನಿಯರ್

ರೆಂಚು ಸರ್, ಅಲ್ಲೇ ಇರುವುದು ತೊಂದರೆ. ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ಬರುವುದಕ್ಕೆ ಇದರಲ್ಲಿ ಎರಡು ದಾರಿ ಇವೆ. ಒಂದು ದಾರಿ ಬ್ಲಾಕ್ ಒಳಗೆ ಹೋಗುವುದೇ ಇಲ್ಲ.

ಡ್ರೈವ್ ಕಡೆಯ ಪಂಪ್ ನೀರೆತ್ತಿ ಥರ್ಮೋಸ್ಟಾಟ್ ಹೌಸಿಂಗ್‌ಗೆ ತಳ್ಳುತ್ತದೆ. ಎಂಜಿನ್ ತಣ್ಣಗಿದ್ದಾಗ ಥರ್ಮೋಸ್ಟಾಟ್ ಮುಚ್ಚಿರುತ್ತದೆ. ಆಗ ಬ್ಲಾಕ್ ಒಳಗಿನ ನೀರು ಒಳಗೇ ಸುತ್ತು ಹೊಡೆಯುತ್ತಿರುತ್ತದೆ, ಬೇಗ ಬಿಸಿಯಾಗಲಿ ಅಂತ. ಹೊಸದಾಗಿ ಬಂದ ನೀರಿಗೆ ಅಲ್ಲಿ ಜಾಗ ಇಲ್ಲ. ಅದು ಪಕ್ಕದ ಪೈಪಿನಲ್ಲಿ ಹಾದು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗಳಿಗೆ ಹೋಗಿ ಹೊಗೆಯ ಜೊತೆ ಹೊರಗೆ ಬೀಳುತ್ತದೆ. ಅಂದರೆ ಗುಲಾಬಿ ಕಂಡರೆ ಮ್ಯಾನಿಫೋಲ್ಡ್‌ಗೆ ಹೋಗಿದೆ ಅಂತ ಅರ್ಥ. ಬ್ಲಾಕ್‌ಗೆ ಹೋಗಿದೆ ಅಂತಲ್ಲ.

ಎಂಜಿನ್ ಬಿಸಿ ಮಾಡಿ ಹೀರಿಸಿದರೆ? ಥರ್ಮೋಸ್ಟಾಟ್ ತೆರೆಯುವುದು ಸುಮಾರು 71 ಡಿಗ್ರಿಗೆ. ಕೆಲವು ಎಂಜಿನ್‌ಗಳಲ್ಲಿ ಇನ್ನೂ ಕಡಿಮೆ. ತೆರೆದ ಮೇಲೆ ತಣ್ಣನೆಯ ಆಂಟಿಫ್ರೀಜ್ ನುಗ್ಗಿದ ತಕ್ಷಣ ಅದು ಮತ್ತೆ ಮುಚ್ಚಿಕೊಳ್ಳುತ್ತದೆ. ಇತ್ತ ಬಕೆಟ್ ಒಂದೆರಡು ನಿಮಿಷದಲ್ಲಿ ಖಾಲಿ. ಒಳಗೆ ಹೋದಷ್ಟೂ ಅಲ್ಲಿದ್ದ ನೀರಿನ ಜೊತೆ ಬೆರೆತು ತೆಳ್ಳಗಾಗಿರುತ್ತದೆ. ಎಷ್ಟು ತೆಳ್ಳಗೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಾಗುವುದು ಏಪ್ರಿಲ್‌ನಲ್ಲಿ.

ನ್ಯೂಜೆರ್ಸಿ ಚಳಿಯೇ ಬೇರೆ, ಮಿನೆಸೋಟ ಚಳಿಯೇ ಬೇರೆ. ಅಲ್ಲಿ ತೆಳ್ಳಗಿದ್ದರೂ ನಡೆದುಹೋಗಬಹುದು. ಮಿನೆಸೋಟದಲ್ಲಿ 1996ರ ಫೆಬ್ರುವರಿ 2ರಂದು ಟವರ್ ಎಂಬ ಊರಿನಲ್ಲಿ ಮೈನಸ್ 51 ಡಿಗ್ರಿಗೆ ಇಳಿದಿತ್ತು. ಪ್ರತಿ ವರ್ಷ ಅಷ್ಟಿರುವುದಿಲ್ಲ, ಆದರೆ ಮೈನಸ್ 20 ಅಲ್ಲಿ ಯಾರಿಗೂ ಸುದ್ದಿಯಲ್ಲ.

ನನ್ನ ಮಾತು ಒಂದೇ. ಮೊದಲು ನೀರು ಇಳಿಸಿ. ಇಳಿದಿದೆ ಅಂತ ಕಣ್ಣಾರೆ ನೋಡಿ. ಆಮೇಲೆ ಆಂಟಿಫ್ರೀಜ್.

ರಾಜಾಜಿನಗರ_ರೆಂಚು

ಥಿಯರಿ ಚೆನ್ನಾಗಿದೆ ಸರ್. ಆದರೆ ಬ್ಲಾಕ್‌ಗೆ ಫ್ರೀಜ್ ಪ್ಲಗ್ ಅಂತ ಕೊಟ್ಟಿರುತ್ತಾರಲ್ಲ. ನೀರು ಗಟ್ಟಿಯಾದರೆ ಆ ಪ್ಲಗ್ ಹೊರಗೆ ಬಂದು ಬ್ಲಾಕ್ ಉಳಿಯುತ್ತದೆ. ಅದಕ್ಕೇ ಇರುವುದು ಅದು.

ಜೇಸಿರೋಡ್_ಸ್ಪೇರ್ಸ್

ಅಣ್ಣಾ, ಅದು ಕೋರ್ ಪ್ಲಗ್. ಬ್ಲಾಕ್ ಎರಕ ಹೊಯ್ಯುವಾಗ ಒಳಗೆ ಮರಳಿನ ಅಚ್ಚು ಇಟ್ಟಿರುತ್ತಾರೆ. ಆ ಮರಳು ತೆಗೆಯಲು ಬಿಟ್ಟ ತೂತು ಮುಚ್ಚುವುದಕ್ಕೆ ಈ ಬಿಲ್ಲೆ. ಮಂಜುಗಡ್ಡೆಗೆ ಅಂತ ಮಾಡಿದ್ದಲ್ಲ. ಅದೃಷ್ಟ ಇದ್ದರೆ ಮೊದಲು ಅದು ಹಾರುತ್ತದೆ. ಇಲ್ಲದಿದ್ದರೆ ಬ್ಲಾಕ್ ಸೀಳುತ್ತದೆ. ಎರಡೂ ಒಟ್ಟಿಗೆ ಆಗುವುದೂ ಉಂಟು.

ನೀರು ಮಂಜುಗಡ್ಡೆಯಾದರೆ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಫ್ರೀಜರ್‌ನಲ್ಲಿ ತುಂಬಿದ ಬಾಟಲಿ ಮರೆತು ಬಿಟ್ಟಿರುತ್ತೀರಲ್ಲ, ಅದೇ ಕಥೆ. ಎರಕದ ಕಬ್ಬಿಣ ಒಂಚೂರೂ ಬಗ್ಗುವುದಿಲ್ಲ. ವೆಲ್ಡಿಂಗ್ ಮಾಡುತ್ತೇನೆ ಅನ್ನುವವರು ಸಿಗುತ್ತಾರೆ. ನಂಬಬೇಡಿ.

ಬೆಳ್ಳಂದೂರು_ನೈಟ್‌ಶಿಫ್ಟ್

ನಾನು ಅಮೆರಿಕದ ಇನ್ಶೂರೆನ್ಸ್ ಕ್ಲೇಮ್ ನೋಡುವ ಕೆಲಸ ಮಾಡುತ್ತೇನೆ. ಬೋಟ್ ಕ್ಲೇಮ್ ಕೂಡ ಬರುತ್ತವೆ. ಬಹಳಷ್ಟು ಪಾಲಿಸಿಗಳಲ್ಲಿ ನೀರು ಗಟ್ಟಿಯಾಗಿ ಆದ ಹಾನಿಗೆ ದುಡ್ಡಿಲ್ಲ ಅಂತ ಸ್ಪಷ್ಟವಾಗಿ ಬರೆದಿರುತ್ತಾರೆ. ಕೆಲವದರಲ್ಲಿ ವರ್ಕ್‌ಶಾಪಿನಲ್ಲಿ ಮಾಡಿಸಿದ ರಸೀದಿ ಇದ್ದರೆ ಮಾತ್ರ ಕೊಡುತ್ತಾರೆ. ತಮ್ಮನಿಗೆ ಪಾಲಿಸಿ ತೆಗೆದು ಓದಲು ಹೇಳಿ. ತಾನೇ ಮಾಡಿದರೆ ಪ್ರತಿ ಹಂತಕ್ಕೂ ಫೋಟೊ, ತಂದ ಸಾಮಾನಿನ ಬಿಲ್ ಇಟ್ಟುಕೊಳ್ಳಲಿ. ಕೊಡುತ್ತಾರೆ ಅಂತಲ್ಲ, ವಾದ ಮಾಡಲಿಕ್ಕಾದರೂ ಏನಾದರೂ ಬೇಕಲ್ಲ.

ಇನ್ನೊಂದು. ಎಂಜಿನ್ ಬೇಯಲ್ಲಿ ಹೀಟರ್ ಇಟ್ಟು ಊರಿಗೆ ಹೋಗುವವರಿದ್ದಾರೆ. ಬೇಡವೇ ಬೇಡ. ಪೆಟ್ರೋಲ್ ಎಂಜಿನ್ ಪಕ್ಕ ಸಾಮಾನ್ಯ ಹೀಟರ್ ಅಂದರೆ ಬೆಂಕಿಗೆ ಆಹ್ವಾನ. ಹಿಮಗಾಳಿಗೆ ಕರೆಂಟ್ ಹೋದರೆ ಅದೂ ಇಲ್ಲ, ಇದೂ ಇಲ್ಲ.

ಹಲಸೂರು_ಹವಾಲ್ದಾರ್

ಸೈನ್ಯದ ಎಂಇಜಿಯಲ್ಲಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಇದ್ದವನು. ಹಲಸೂರು ಕೆರೆ ಪಕ್ಕದಲ್ಲಿ ಟ್ರೇನಿಂಗ್, ಆಮೇಲೆ ಲಡಾಖ್ ಪೋಸ್ಟಿಂಗ್.

ನಮ್ಮ ದೇಶದಲ್ಲೂ ಈ ಕೆಲಸ ಇದೆ. ಪ್ಯಾಂಗಾಂಗ್ ಸರೋವರ 4,200 ಮೀಟರ್‌ಗಿಂತ ಎತ್ತರದಲ್ಲಿದೆ. ನೀರು ಉಪ್ಪು. ಆದರೂ ಚಳಿಗಾಲದಲ್ಲಿ ಮೇಲೆ ನಡೆದು ಹೋಗುವಷ್ಟು ಗಟ್ಟಿ. ಅಲ್ಲಿ ಸೈನ್ಯಕ್ಕೆ ಗಸ್ತು ಬೋಟ್‌ಗಳಿವೆ. ಇಂಥ ದೊಡ್ಡ ಸರೋವರಗಳ ಗಸ್ತಿಗೆ ಅಂತಲೇ 2021ರ ಜನವರಿಯಲ್ಲಿ ಗೋವಾ ಶಿಪ್‌ಯಾರ್ಡ್ ಜೊತೆ ಇನ್ನೂ 12 ಬೋಟ್‌ಗಳಿಗೆ ಒಪ್ಪಂದ ಆಯಿತು.

ನನ್ನ ಕೈಗೆ ಬಂದದ್ದು ಗಾಡಿಗಳು, ಬೋಟ್ ಅಲ್ಲ. ಹಳೆ ಗಾಡಿಗಳಿಗೆ ಸಂಜೆ ರೇಡಿಯೇಟರ್ ನೀರು ಇಳಿಸುವುದು, ಬೆಳಿಗ್ಗೆ ಬಿಸಿನೀರು ಹಾಕುವುದು. ಇಳಿಸಿದ ಮೇಲೆ ಸ್ಟೀರಿಂಗ್‌ಗೆ ಒಂದು ಬೋರ್ಡ್ ಕಟ್ಟುವುದು: ನೀರಿಲ್ಲ. ಅದನ್ನು ಮರೆತರೆ ಬೆಳಿಗ್ಗೆ ಬೇರೊಬ್ಬ ಬಂದು ಸೀದಾ ಸ್ಟಾರ್ಟ್ ಮಾಡುತ್ತಾನೆ. ತಮ್ಮನಿಗೂ ಹೇಳಿ, ಬೋಟಿನ ಕೀ ಜೊತೆಗೇ ಚೀಟಿ ಕಟ್ಟಲಿ.

ಬಸವನಗುಡಿ_ಬೈಟು

ಹವಾಲ್ದಾರ್ ಸಾರ್, ಚೀಟಿ ಐಡಿಯಾ ತುಂಬಾ ಇಷ್ಟವಾಯಿತು.

ಸರಿ, ಇಳಿಸುವುದೇ ಅಂತ ತೀರ್ಮಾನ. ಶನಿವಾರ ಅವನಿಗೆ ಬೆಳಿಗ್ಗೆ 9, ನಮಗೆ ಸಂಜೆ 7:30. ವಿಡಿಯೋ ಕಾಲ್‌ನಲ್ಲಿ ನಾನಿರುತ್ತೇನೆ. ಸೆಕೆಂಡ್ ಎಂಜಿನಿಯರ್ ಸರ್, ಎಲ್ಲೆಲ್ಲಿ ಏನೇನು ಬಿಚ್ಚಬೇಕು ಅಂತ ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಸೆಕೆಂಡ್_ಎಂಜಿನಿಯರ್

ಹೇಳುತ್ತೇನೆ. ಆದರೆ ಶನಿವಾರವೇ ಮಾಡಲಿ, ವಿಮಾನ ಹತ್ತುವ ಹಿಂದಿನ ದಿನ ಅಂತ ಇಟ್ಟುಕೊಳ್ಳಬೇಡಿ. ಅಲ್ಲಿ ಅಕ್ಟೋಬರ್‌ನಲ್ಲೇ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ.

ಟ್ರೇಲರ್ ಮೇಲೆ ಬೋಟ್ ಆದಷ್ಟೂ ಸಮತಟ್ಟಾಗಿ ನಿಲ್ಲಲಿ. ಡ್ರೈವ್ ಪೂರ್ತಿ ಕೆಳಗೆ ಇಳಿದಿರಲಿ, ಎತ್ತಿಟ್ಟರೆ ಅದರೊಳಗೆ ನೀರು ನಿಲ್ಲುತ್ತದೆ. ಮೊದಲು ಮಫ್ ಹಾಕಿ ನಲ್ಲಿ ನೀರಿನಲ್ಲಿ ಎಂಜಿನ್ ಓಡಿಸಿ ಬಿಸಿ ಮಾಡಿ. ಕೆಸರು, ಪಾಚಿ ಸ್ವಲ್ಪ ತೊಳೆದು ಹೋಗುತ್ತದೆ. ಎಂಜಿನ್ ಆಯಿಲ್ ಬದಲಿಸುವುದಿದ್ದರೆ ಅದಕ್ಕೂ ಇದೇ ಹೊತ್ತು. ನೀರು ಬಿಡದೆ ಸ್ಟಾರ್ಟ್ ಮಾಡಬಾರದು. ಪಂಪ್ ಒಳಗೆ ತಿರುಗಿ ನೀರೆತ್ತುವ ಎಸಳಿನ ಚಕ್ರ, ಇಂಪೆಲ್ಲರ್, ರಬ್ಬರ್‌ನದು. ನೀರೇ ಅದಕ್ಕೆ ಆಯಿಲ್. ಒಣಗಿ ತಿರುಗಿದರೆ ನಿಮಿಷದೊಳಗೆ ಸುಟ್ಟುಕೊಳ್ಳುತ್ತದೆ.

ಆಮೇಲೆ ಎಂಜಿನ್ ಆರಿಸಿ ಪ್ಲಗ್‌ಗಳಿಗೆ ಬನ್ನಿ. ಬ್ಲಾಕ್‌ಗೆ ಎರಡು, ಎಡಕ್ಕೊಂದು ಬಲಕ್ಕೊಂದು. ಮ್ಯಾನಿಫೋಲ್ಡ್‌ನ ಕೆಳಗೆ, ಆಯಿಲ್ ಪ್ಯಾನ್‌ಗಿಂತ ಸ್ವಲ್ಪ ಮೇಲೆ. ಕೈ ಹಾಕಿ ತಡಕಾಡಬೇಕು. ಈಚಿನ ಎಂಜಿನ್‌ಗಳಲ್ಲಿ ನೀಲಿ ಪ್ಲಾಸ್ಟಿಕ್ ಇರುತ್ತದೆ, ಹಳೆಯದರಲ್ಲಿ ಹಿತ್ತಾಳೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗಳ ತಳದಲ್ಲೂ ಒಂದೊಂದು. ಮುಂದುಗಡೆ ಸರ್ಕ್ಯುಲೇಟಿಂಗ್ ಪಂಪ್‌ಗೆ ಬರುವ ದಪ್ಪ ಪೈಪನ್ನು ಪಂಪ್ ಕಡೆಯಿಂದ ಬಿಚ್ಚಿ ಕೆಳಗೆ ಬಗ್ಗಿಸಿ. ಅದರಲ್ಲೇ ಬಹಳಷ್ಟು ನೀರು ಅಡಗಿರುತ್ತದೆ. ಪವರ್ ಸ್ಟೀರಿಂಗ್ ಕೂಲರ್‌ಗೆ ಹೋಗುವ ಪೈಪನ್ನೂ ಬಿಡಬೇಡಿ, ಅದು ಎಲ್ಲಕ್ಕಿಂತ ಕೆಳಗೆ ಜೋತಾಡುತ್ತಿರುತ್ತದೆ. ಮಾಡೆಲ್‌ಗೆ ತಕ್ಕ ಹಾಗೆ ಒಂದೆರಡು ಜಾಗ ಹೆಚ್ಚು ಕಡಿಮೆ ಇರುತ್ತವೆ. ಮ್ಯಾನ್ಯುಯಲ್‌ನಲ್ಲಿ ಚಿತ್ರ ಇದೆ, ಅದನ್ನೇ ನಂಬಿ.

ಈಗ ಮುಖ್ಯವಾದ ಮಾತು. ಪ್ಲಗ್ ಬಿಚ್ಚಿದಾಗ ನೀರು ಬರದಿದ್ದರೆ ಖುಷಿಪಡಬೇಡಿ. ಒಳಗೆ ನೀರಿಲ್ಲ ಅಂತಲ್ಲ, ತೂತು ಕಟ್ಟಿಕೊಂಡಿದೆ ಅಂತ. ಕೆರೆ ನೀರಿನ ಮಣ್ಣು, ಒಳಗಿನ ತುಕ್ಕಿನ ಚಕ್ಕೆ ಎಲ್ಲ ತಳದಲ್ಲೇ ಕೂರುವುದು. ಗಟ್ಟಿ ತಂತಿ ಅಥವಾ ಸಣ್ಣ ಸ್ಕ್ರೂಡ್ರೈವರ್ ತೂರಿಸಿ ಕೆದಕಬೇಕು. ಚಕ್ಕೆ ಕದಲಿದ ತಕ್ಷಣ ನೀರು ಚಿಮ್ಮುತ್ತದೆ. ನಿಂತರೆ ಮತ್ತೆ ಕೆದಕಿ. ಹನಿಯೂ ನಿಲ್ಲುವವರೆಗೆ.

ಬಿಚ್ಚಿದ ಪ್ಲಗ್‌ಗಳನ್ನೆಲ್ಲ ಒಂದು ಸ್ಟೀಲ್ ಬಟ್ಟಲಿಗೆ ಹಾಕಿ. ಕೊನೆಗೆ ಎಣಿಸಲು.

ಮಲ್ಪೆ_ಟು_ಮಲ್ಲೇಶ್ವರ

ಒಳ್ಳೆ ಚರ್ಚೆ ಮಾರಾಯ್ರೆ. ನಮ್ಮ ಕಡೆ ಐಸ್ ಅಂದರೆ ಮೀನಿಗೆ ಹಾಕುವುದು ಮಾತ್ರ, ಎಂಜಿನ್ ಒಳಗೆ ಅಲ್ಲ. ಆದರೆ ಎಂಜಿನ್ ಮಲಗಿಸುವುದು ನಮಗೂ ಉಂಟು. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ, 61 ದಿನ. ಅಷ್ಟೂ ದಿನ ಬೋಟ್‌ಗಳು ಮಲ್ಪೆ ಬಂದರಿನಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ.

ನಮ್ಮ ಶತ್ರು ಚಳಿ ಅಲ್ಲ, ಉಪ್ಪು. ಸಮುದ್ರದ ನೀರು ಒಳಗೇ ಬಿಟ್ಟು ಎರಡು ತಿಂಗಳು ನಿಲ್ಲಿಸಿದರೆ ಥರ್ಮೋಸ್ಟಾಟ್ ಮೇಲೆ ಬಿಳಿ ಪೊರೆ ಕಟ್ಟಿ ಅಂಟಿಕೊಳ್ಳುತ್ತದೆ. ಅದಕ್ಕೆ ಸಿಹಿನೀರಿನಲ್ಲಿ ತೊಳೆದೇ ನಿಲ್ಲಿಸುವುದು. ಎಕ್ಸ್‌ಚೇಂಜರ್ ಒಳಗಿನ ಸತುವಿನ ಕಡ್ಡಿ ನೋಡುವುದು. ತಾಮ್ರವನ್ನು ಉಪ್ಪುನೀರು ತಿನ್ನುವ ಬದಲು ಈ ಕಡ್ಡಿಯನ್ನು ತಿನ್ನಲಿ ಅಂತ ಇಡುವುದು ಅದು. ಅರ್ಧಕ್ಕಿಂತ ಜಾಸ್ತಿ ಸವೆದಿದ್ದರೆ ಬದಲಿಸುವುದೇ.

ಔಟ್‌ಬೋರ್ಡ್ (ಎಂಜಿನ್ ಪೂರ್ತಿ ಬೋಟಿನ ಹಿಂದೆ ಹೊರಗೇ ತೂಗುವಂಥದ್ದು) ಇದ್ದವರಿಗೆ ಇಷ್ಟೆಲ್ಲ ರಗಳೆ ಇಲ್ಲ. ನೆಟ್ಟಗೆ ನಿಲ್ಲಿಸಿದರೆ ನೀರು ತನ್ನಷ್ಟಕ್ಕೆ ಇಳಿದುಹೋಗುತ್ತದೆ. ಚಳಿ ದೇಶದಲ್ಲೂ ಹಾಗೆಯೇ ಅಲ್ವಾ ಎಂಜಿನಿಯರ್ ಸರ್?

ಸೆಕೆಂಡ್_ಎಂಜಿನಿಯರ್

ಹೌದು, ಔಟ್‌ಬೋರ್ಡ್‌ಗೆ ಅದೇ ಅನುಕೂಲ. ಬಾಗಿಸಿ ಇಡಬಾರದು ಅಷ್ಟೆ. ಗೇರ್ ಆಯಿಲ್ ಮಾತ್ರ ಎರಡಕ್ಕೂ ನೋಡಬೇಕು. ಕೆಳಗಿನ ಸ್ಕ್ರೂ ಸಡಿಲಿಸಿದಾಗ ಹಾಲಿನಂಥ ಬಿಳಿ ಆಯಿಲ್ ಬಂದರೆ ನೀರು ಸೇರಿದೆ ಅಂತ. ಚಳಿಗೆ ಅದು ಗಟ್ಟಿಯಾಗಿ ಗೇರ್ ಹೌಸಿಂಗ್ ಸೀಳುತ್ತದೆ. ತಮ್ಮನ ಬೋಟಿಗೂ ಇದು ಅನ್ವಯ.

ಬಸವನಗುಡಿ_ಬೈಟು

ಆಂಟಿಫ್ರೀಜ್ ಯಾವುದು ತರಬೇಕು? ಅವನು ಅಂಗಡಿಯಿಂದ ಫೋಟೊ ಕಳಿಸಿದ್ದಾನೆ. ಗುಲಾಬಿ ಜಗ್ ಮೇಲೆ ದೊಡ್ಡದಾಗಿ ಮೈನಸ್ 50 ಅಂತ ಇದೆ. ಮೈನಸ್ 50 ಅಂದರೆ ಧಾರಾಳ ಆಯಿತಲ್ಲ? ಪಕ್ಕದಲ್ಲಿ ಕಾರಿನ ಹಸಿರು ಕೂಲಂಟೂ ಇದೆ.

ಜೇಸಿರೋಡ್_ಸ್ಪೇರ್ಸ್

ಅದು ಫ್ಯಾರನ್‌ಹೀಟ್ ಅಣ್ಣಾ. ಅಮೆರಿಕದ ಜಗ್. ನಮ್ಮ ಲೆಕ್ಕದಲ್ಲಿ ಮೈನಸ್ 46.

ಇನ್ನೊಂದು ಕೊಕ್ಕೆ ಇದೆ. ಅದು ಗಟ್ಟಿಯಾಗದ ಮಟ್ಟ ಅಲ್ಲ, ಪೈಪ್ ಒಡೆಯದ ಮಟ್ಟ. ಅದಕ್ಕಿಂತ ಬಹಳ ಮೊದಲೇ ಅದು ಕಲಸಿದ ಐಸ್ ಗೋಲಾ ಹಾಗೆ ಮೆತ್ತಗಾಗುತ್ತದೆ. ಮೆತ್ತಗಾದರೂ ಒತ್ತುವುದಿಲ್ಲ, ಅದು ಸರಿ. ಆದರೆ ಈ ಲೆಕ್ಕ ಎಲ್ಲ ನೀರು ಬೆರೆಸದೆ ಇದ್ದಾಗ. ಒಳಗೆ ಎರಡು ಲೀಟರ್ ಕೆರೆ ನೀರು ಉಳಿದಿದ್ದರೆ ಜಗ್ ಮೇಲಿನ ನಂಬರ್ ಸುಳ್ಳು. ಮಿನೆಸೋಟಕ್ಕೆ ನಾನಾದರೆ ಮೈನಸ್ 100 ಅಂತ ಬರೆದ ಜಗ್ ತಗೊಳ್ಳುತ್ತಿದ್ದೆ, ನಮ್ಮ ಮೈನಸ್ 73. ಸ್ವಲ್ಪ ದುಬಾರಿ.

ಹಸಿರು ಬೇಡ. ಸಾಮಾನ್ಯವಾಗಿ ಅದು ಎಥಿಲೀನ್ ಗ್ಲೈಕಾಲ್. ಅರ್ಧಕ್ಕರ್ಧ ನೀರು ಸೇರಿಸಿದರೆ ಮೈನಸ್ 37ರವರೆಗೆ ತಡೆಯುತ್ತದೆ, ಕಾರಿಗೆ ಅದೇ ಸರಿ. ಆದರೆ ವಿಷ. ರುಚಿ ಸಿಹಿ, ನಾಯಿ ಬೆಕ್ಕು ನೆಕ್ಕಿ ಸಾಯುತ್ತವೆ. ಇವನ ಬೋಟಿನಲ್ಲಿ ಮುಂದಿನ ಬೇಸಿಗೆಗೆ ಅದೆಲ್ಲ ಎಕ್ಸಾಸ್ಟ್‌ನಿಂದ ಹೊರಗೆ, ನೆಲಕ್ಕೋ ಕೆರೆಗೋ. ಗುಲಾಬಿಯದು ಪ್ರೊಪಿಲೀನ್ ಗ್ಲೈಕಾಲ್. ಅಷ್ಟು ಅಪಾಯ ಇಲ್ಲ. ಆದರೂ ಕೆಳಗೆ ಟಬ್ ಇಟ್ಟು ಹಿಡಿದುಕೊಳ್ಳಲಿ. ಮತ್ತೆ, ಬಣ್ಣ ನೋಡಿ ನಂಬಬೇಡಿ, ಲೇಬಲ್ ಓದಿ. ಗುಲಾಬಿ ಬಣ್ಣದ ಕಾರ್ ಕೂಲಂಟೂ ಮಾರ್ಕೆಟ್‌ನಲ್ಲಿ ಬೇಕಾದಷ್ಟಿದೆ.

ಅಪಾರ್ಟ್‌ಮೆಂಟ್_ಕಾರ್ಯದರ್ಶಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಅಪಾರ್ಟ್‌ಮೆಂಟಿನ ಡಿಜಿ ಸೆಟ್‌ಗೆ ಎಲೆಕ್ಟ್ರಿಷಿಯನ್ ಬೋರ್‌ವೆಲ್ ನೀರೇ ಹಾಕುತ್ತಿದ್ದಾನೆ. ಬೆಂಗಳೂರಿನಲ್ಲಿ ಐಸ್ ಆಗಲ್ಲ, ಕೂಲಂಟ್ ಯಾಕೆ ಸರ್ ಅನ್ನುತ್ತಾನೆ. ಸರಿಯಾ?

ಜೇಸಿರೋಡ್_ಸ್ಪೇರ್ಸ್

ತಪ್ಪು. ಕೂಲಂಟ್ ಕೆಲಸ ಐಸ್ ತಡೆಯುವುದು ಮಾತ್ರ ಅಲ್ಲ. ತುಕ್ಕು ತಡೆಯುತ್ತದೆ, ಕುದಿಯುವ ಮಟ್ಟ ಏರಿಸುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ಬರಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಬೋರ್‌ವೆಲ್ ನೀರಿನ ಸುಣ್ಣ ರೇಡಿಯೇಟರ್ ಒಳಗೆ ಗಾರೆ ಹಾಗೆ ಕೂರುತ್ತದೆ. ತೊಳೆಸಿ, ಕಂಪನಿ ಹೇಳಿದ ಕೂಲಂಟ್ ಹಾಕಿಸಿ. ಎಲೆಕ್ಟ್ರಿಷಿಯನ್‌ಗೆ ಬೈಯಬೇಡಿ ಪಾಪ, ಬಜೆಟ್ ಕೊಡದವರು ಕಮಿಟಿಯವರೇ ಇರುತ್ತಾರೆ.

ಅಪಾರ್ಟ್‌ಮೆಂಟ್_ಕಾರ್ಯದರ್ಶಿ

🙏 ಕೊನೆ ಸಾಲು ನೋಡದ ಹಾಗೆ ಹೋಗುತ್ತೇನೆ.

ಬಸವನಗುಡಿ_ಬೈಟು

ಶನಿವಾರದ ವರದಿ. ಓದಿ, ಮಜಾ ಇದೆ.

ರೆಂಚು ಸರ್ ಮತ್ತು ಎಂಜಿನಿಯರ್ ಸರ್ ವಾದ ಓದಿ ತಮ್ಮನಿಗೂ ಕುತೂಹಲ ಹತ್ತಿತು. ಎರಡನ್ನೂ ಮಾಡಿಯೇ ನೋಡೋಣ ಅಂದ. ಮೊದಲು ಬಕೆಟ್. ಒಂದು ಜಗ್ ಅಲ್ಲ, ನಾಲ್ಕು ಜಗ್ ಸುರಿದ. ಎಂಜಿನ್ ಸ್ಟಾರ್ಟ್ ಮಾಡಿದ. ಸ್ವಲ್ಪ ಹೊತ್ತಿಗೆ ಹಿಂದುಗಡೆ ಗುಲಾಬಿ ನೀರು ದಬದಬ ಬಂತು. ವಿಡಿಯೋದಲ್ಲಿ ನೋಡಿದರೆ ಯಾರಾದರೂ ಚಪ್ಪಾಳೆ ತಟ್ಟಬೇಕು, ಹಾಗಿತ್ತು.

ಎಂಜಿನ್ ಆರಿಸಿ ಬಲಗಡೆ ಬ್ಲಾಕ್ ಪ್ಲಗ್ ಬಿಚ್ಚಿದ. ಕೆಳಗೆ ಬಿಳಿ ಐಸ್‌ಕ್ರೀಮ್ ಡಬ್ಬಿ ಹಿಡಿದಿದ್ದ. ಬಂದದ್ದು ಚಹಾ ಬಣ್ಣದ ನೀರು. ಗುಲಾಬಿಯ ಸುಳಿವೇ ಇಲ್ಲ. ಎಡಗಡೆ ಬಿಚ್ಚಿದ, ಒಂದು ಹನಿಯೂ ಬರಲಿಲ್ಲ. "ಈ ಕಡೆ ಖಾಲಿ ಕಣೋ" ಅಂದ. ತಂತಿ ಹಾಕು ಅಂದೆ. ಬಟ್ಟೆ ಹ್ಯಾಂಗರ್ ಕತ್ತರಿಸಿ ತಂದ. ತೂರಿಸಿ ಎರಡು ಸಲ ತಿರುವಿದಾಗ ಕಪ್ಪು ಕಪ್ಪು ಚಕ್ಕೆ, ಮರಳು, ಆಮೇಲೆ ಭರ್ ಅಂತ ನೀರು. ತೋಳು ಪೂರ್ತಿ ಒದ್ದೆ. ಫೋನ್ ಮೇಲೂ ಬಿತ್ತು, ನನಗೆ ಎರಡು ನಿಮಿಷ ಬರಿ ಕಂದು ಬಣ್ಣ ಕಂಡಿತು. ಡಬ್ಬಿ ತುಂಬಿ ಹರಿಯಿತು.

ಆ ನೀರು ಅಲ್ಲೇ ಇದ್ದಿದ್ದರೆ ಅಂತ ನೆನೆಸಿಕೊಂಡರೆ ಭಯವಾಗುತ್ತದೆ.

ಕತ್ರಿಗುಪ್ಪೆ_ಕೂಲ್

ಪಾಪ್‌ಕಾರ್ನ್ ಸಾರ್ಥಕವಾಯಿತು.

ರಾಜಾಜಿನಗರ_ರೆಂಚು

ಪ್ರಯೋಗಕ್ಕೆ ಮೆಚ್ಚಿದೆ. ಆದರೆ ಒಂದು ಆಕ್ಷೇಪ ಇದೆ. ತಣ್ಣನೆಯ ಎಂಜಿನ್‌ನಲ್ಲಿ ಮಾಡಿದ್ದಾನೆ. ನಮ್ಮ ಭಾವ ಮೊದಲು ಇಪ್ಪತ್ತು ನಿಮಿಷ ಬಿಸಿ ಮಾಡಿಯೇ ಹೀರಿಸುತ್ತಾರೆ. ಆಗ ಡಬ್ಬಿಯಲ್ಲಿ ಸ್ವಲ್ಪ ಗುಲಾಬಿ ಬರುತ್ತಿತ್ತು.

ಸೆಕೆಂಡ್_ಎಂಜಿನಿಯರ್

ಬರುತ್ತಿತ್ತು, ಒಪ್ಪುತ್ತೇನೆ. "ಸ್ವಲ್ಪ" ಅಂದಿರಲ್ಲ, ನನ್ನ ತಕರಾರು ಅದೇ. ಜೊತೆಗೆ ಎಡಗಡೆ ತಳದಲ್ಲಿ ಕೂತಿದ್ದ ಆ ಮಣ್ಣು? ಬಕೆಟ್ ಪದ್ಧತಿಯಲ್ಲಿ ಅದು ಇರುವುದೇ ಗೊತ್ತಾಗುತ್ತಿರಲಿಲ್ಲ. ಭಾವನವರಿಗೂ ಒಮ್ಮೆ ಹ್ಯಾಂಗರ್ ಕತ್ತರಿಸಲು ಹೇಳಿ. 🙂

ಬೈಟು ಅವರೇ, ನೀರು ಪೂರ್ತಿ ಇಳಿದ ಮೇಲೆ ಏನು ಮಾಡಿದ?

ಬಸವನಗುಡಿ_ಬೈಟು

ಅಲ್ಲಿಗೇ ನಿಲ್ಲಿಸಿದ್ದಾನೆ. ಕೈ ಮರಗಟ್ಟಿತ್ತು. ಪ್ಲಗ್ ಎಲ್ಲ ಬಟ್ಟಲಿನಲ್ಲಿವೆ. ಮನೆಯಾಕೆ ಕೇಳುತ್ತಿದ್ದಾಳಂತೆ, ನೀರೆಲ್ಲ ಹೋಯಿತಲ್ಲ, ಇನ್ನು ಗುಲಾಬಿ ಯಾಕೆ ಹಾಕಬೇಕು ಅಂತ. ನನಗೂ ಅದೇ ಪ್ರಶ್ನೆ.

ಸೆಕೆಂಡ್_ಎಂಜಿನಿಯರ್

ಒಳ್ಳೆಯ ಪ್ರಶ್ನೆ. ಒಡೆಯದಿರಲು ಇಷ್ಟೇ ಸಾಕು. ಖಾಲಿ ಜಾಗದಲ್ಲಿ ಹಿಗ್ಗಲು ಏನೂ ಇಲ್ಲ. ಹಾಗೇ ಒಣಗಿಸಿ ಬಿಡುವವರೂ ಬಹಳ ಜನ ಇದ್ದಾರೆ, ಅವರದು ತಪ್ಪಲ್ಲ.

ಆದರೂ ನಾನು ಹಾಕುತ್ತೇನೆ. ಎಲ್ಲೋ ಮೂಲೆಯಲ್ಲಿ ಉಳಿದ ಲೋಟದಷ್ಟು ನೀರಿನ ಜೊತೆ ಬೆರೆತು ಅದನ್ನು ಸುರಕ್ಷಿತ ಮಾಡುತ್ತದೆ. ತುಕ್ಕು ತಡೆಯುವ ಅಂಶ ಇರುವ ಜಗ್ ಆದರೆ ಒದ್ದೆ ಕಬ್ಬಿಣ ನಾಲ್ಕೈದು ತಿಂಗಳು ಗಾಳಿಗೆ ಕೆಡುವುದೂ ತಪ್ಪುತ್ತದೆ.

ಹಾಕುವ ಕ್ರಮ: ಪ್ಲಗ್‌ಗಳನ್ನು ಎಣಿಸಿ ವಾಪಸ್ ಹಾಕಿ. ಎಂಜಿನ್ ಸ್ಟಾರ್ಟ್ ಮಾಡಬೇಡಿ. ಸರ್ಕ್ಯುಲೇಟಿಂಗ್ ಪಂಪ್‌ನ ದಪ್ಪ ಪೈಪನ್ನು ಪಂಪ್‌ಗೆ ಸೇರಿಸಿ, ಥರ್ಮೋಸ್ಟಾಟ್ ಹೌಸಿಂಗ್ ಕಡೆಯ ತುದಿ ಬಿಚ್ಚಿ ಮೇಲೆತ್ತಿ. ಅದರೊಳಗೆ ಆಲಿಕೆ ಇಟ್ಟು ನಿಧಾನವಾಗಿ ಸುರಿಯಿರಿ. ಬ್ಲಾಕ್ ತಳದಿಂದ ತುಂಬುತ್ತಾ ಬರುತ್ತದೆ. ಆಮೇಲೆ ಮ್ಯಾನಿಫೋಲ್ಡ್‌ಗೆ ಹೋಗುವ ಪೈಪುಗಳಿಗೂ ಒಂದೊಂದಾಗಿ. ಎಕ್ಸಾಸ್ಟ್‌ನಲ್ಲಿ ಗುಲಾಬಿ ಕಾಣುವವರೆಗೆ. ಈಗ ಕಾಣುವ ಗುಲಾಬಿಗೆ ಅರ್ಥ ಇದೆ. ಒಟ್ಟು 20 ಲೀಟರ್ ತೆಗೆದಿಟ್ಟುಕೊಂಡಿರಲಿ.

ಪರೀಕ್ಷೆ ಮಾಡಬೇಕು ಅನ್ನಿಸಿದರೆ ಬ್ಲಾಕ್ ಪ್ಲಗ್ ಒಂಚೂರು ಸಡಿಲಿಸಿ ಎರಡು ಹನಿ ಹಿಡಿದು ರಿಫ್ರ್ಯಾಕ್ಟೋಮೀಟರ್‌ನಲ್ಲಿ (ದ್ರವ ಎಷ್ಟು ಚಳಿ ತಡೆಯುತ್ತದೆ ಅಂತ ತೋರಿಸುವ ಸಣ್ಣ ಉಪಕರಣ) ನೋಡಲಿ. ಅದರೊಳಗೆ ಎಥಿಲೀನ್‌ಗೆ ಒಂದು ಗೆರೆಸಾಲು, ಪ್ರೊಪಿಲೀನ್‌ಗೆ ಇನ್ನೊಂದು. ಪ್ರೊಪಿಲೀನ್ ಸಾಲನ್ನೇ ಓದಬೇಕು.

ಮಲ್ಪೆ_ಟು_ಮಲ್ಲೇಶ್ವರ

ಇಂಪೆಲ್ಲರ್ ತೆಗೆದಿಡಲು ಹೇಳಿ ಮಾರಾಯ್ರೆ. ಪಂಪ್ ಒಳಗೆ ಕೆಲವು ಎಸಳು ಮಡಚಿಕೊಂಡೇ ಇರುತ್ತವೆ. ತಿಂಗಳುಗಟ್ಟಲೆ ಹಾಗೇ ನಿಂತರೆ ಸೊಟ್ಟಗೇ ಗಟ್ಟಿಯಾಗುತ್ತವೆ, ಮತ್ತೆ ನೀರೆತ್ತುವುದಿಲ್ಲ. ತೆಗೆದಾಗ ಎಸಳು ಎಣಿಸಬೇಕು. ಒಂದು ಕಡಿಮೆ ಇದ್ದರೆ ಆ ತುಂಡು ಮುಂದೆ ಯಾವುದೋ ಪೈಪಿನಲ್ಲಿ ಸಿಕ್ಕಿಕೊಂಡಿದೆ ಅಂತ. ಹುಡುಕದೆ ಬಿಡಬಾರದು.

ಹಲಸೂರು_ಹವಾಲ್ದಾರ್

ತೆಗೆದರೆ ಚೀಟಿಯಲ್ಲಿ ಅದನ್ನೂ ಬರೆಯಲಿ. ನೀರಿಲ್ಲ, ಇಂಪೆಲ್ಲರ್ ಇಲ್ಲ. ಮಳೆ, ಹಿಮದ ನೀರು ಬೋಟಿನೊಳಗೆ ನಿಲ್ಲದ ಹಾಗೆ ಬೋಟಿನ ಹಿಂದಿನ ಬಿರಡೆ ತೆಗೆದಿರುತ್ತಾನಲ್ಲ, ಅದನ್ನೂ ಬರೆಯಲಿ. ಅದನ್ನು ಮರೆತು ಕೆರೆಗೆ ಇಳಿಸಿದರೆ ಬೋಟೇ ಇರುವುದಿಲ್ಲ.

ಬಸವನಗುಡಿ_ಬೈಟು

ಭಾನುವಾರ ಎಲ್ಲ ಮುಗಿಸಿದ. ಎರಡೂ ಕಡೆಯ ಬ್ಲಾಕ್ ಪ್ಲಗ್ ಸಡಿಲಿಸಿದಾಗ ದಟ್ಟ ಗುಲಾಬಿಯೇ ಬಂತು. ಗೇರ್ ಆಯಿಲ್‌ನಲ್ಲಿ ನೀರಿಲ್ಲ. ಚೀಟಿ ಕನ್ನಡದಲ್ಲಿ ಬರೆದು ಕೀಗೆ ಕಟ್ಟಿದ್ದಾನೆ, ಕದಿಯಲು ಬಂದವನಿಗೆ ಅರ್ಥವಾಗದಿರಲಿ ಅಂತ.

ಇಂಪೆಲ್ಲರ್‌ನ ಒಂದು ಎಸಳಿನಲ್ಲಿ ಬಿರುಕಿದೆ. ಎಸಳು ಎಲ್ಲ ಇವೆ. ಬೆಂಗಳೂರಿಗೆ ಬರುವಾಗ ಜೊತೆಗೆ ತರಲಾ, ಜೇಸಿ ರೋಡಿನಲ್ಲಿ ಅದೇ ಅಳತೆಯದು ಸಿಗಬಹುದಾ ಅಂತ ಕೇಳುತ್ತಿದ್ದಾನೆ.

ಜೇಸಿರೋಡ್_ಸ್ಪೇರ್ಸ್

ತರಬೇಡಿ ಅನ್ನಿ. ಅಳತೆಗೆ ಹೊಂದುವುದು ಹುಡುಕಿದರೆ ಸಿಕ್ಕೀತು, ಆದರೆ ಶಾಫ್ಟಿನ ಕೀ, ರಬ್ಬರಿನ ಗುಣ ಎರಡೂ ಸರಿ ಇರುತ್ತದೆ ಅಂತ ನಾನು ಹೇಳಲಾರೆ. ಅದರ ಮೇಲಿನ ಪಾರ್ಟ್ ನಂಬರ್ ಫೋಟೊ ತೆಗೆದು ಅಲ್ಲೇ ಈಗಲೇ ಆರ್ಡರ್ ಹಾಕಲಿ. ಗ್ಯಾಸ್ಕೆಟ್ ಸಮೇತ. ಏಪ್ರಿಲ್ ಬಂದರೆ ಅಲ್ಲಿ ಎಲ್ಲರಿಗೂ ಅದೇ ಬೇಕಾಗುತ್ತದೆ.